ನವಣೆ ತೆನೆಯ ಗೆರೆ

ನನ್ನ ಸೊಸೆ ಚೆಲುವಮ್ಮನಿಗೆ ಗುಲಾಬಿ ಹೂ ಬರೆಯಲು ಬರುತ್ತದೆ. ಹಂಸ ಬರುತ್ತದೆ, ಆನೆ ಬರುತ್ತದೆ, ಹೋದ ವರ್ಷದಿಂದ ಹೊಸ ಮೈಸೂರು ರಾಜ್ಯದ ನಕ್ಷೆಯೂ ಬರುತ್ತದೆ. ಮಡಕೆ ಸುತ್ತ ಒಂದು ಗೆರೆ ಎಳೆಯೇ ಅಂದರೆ ಮಾತ್ರ ಬರುವುದಿಲ್ಲ. ಈ ಕರ್ಮವನ್ನು ಯಾರಿಗೆ ಹೇಳಲಿ?

ನಮ್ಮದು ಕಂಪಲಾಪುರದ ಕುಂಬಾರರ ಮನೆ. ಗಂಡಸರು ತಿಗರಿ ತಿರುಗಿಸಿ ಮಡಕೆ ಮಾಡುತ್ತಾರೆ, ಹೆಂಗಸರು ಬಣ್ಣ ಬರೆಯುತ್ತೇವೆ. ನಾನು ಮದುವೆಯಾಗಿ ಬಂದಾಗ ಬಣ್ಣ ಅಂದರೆ ಸುಣ್ಣ, ಕೆಮ್ಮಣ್ಣು, ಅಷ್ಟೆ. ಬರೆಯುತ್ತಿದ್ದುದು ಐರಣೆಗೆ, ಅಂದರೆ ಮದುವೆ ಮನೆಯವರು ವಾಲಗದ ಜೊತೆ ಬಂದು, ಪೂಜೆ ಮಾಡಿ ಹೊತ್ತುಕೊಂಡು ಹೋಗುವ ಮಡಕೆಗಳಿಗೆ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ರಾವಂದೂರಿನ ರುದ್ರಸ್ವಾಮಿಯವರ ಮನೆಗೆ ನವಣೆ ತೆನೆ. ಮಡಕೆಯ ಹೊಟ್ಟೆಯ ಸುತ್ತ ಹಾವು ಹರಿದ ಹಾಗೆ ಒಂದು ಗೆರೆ, ಬಾಗಿದಲ್ಲೆಲ್ಲ ಒಂದೊಂದು ತೆನೆ. ಈಚಲ ಕಡ್ಡಿಯ ತುದಿ ಜಜ್ಜಿ ಕೆಮ್ಮಣ್ಣಿಗೆ ಅದ್ದಿದರೆ, ಗೆರೆ ಹೊರಟಲ್ಲಿಗೆ ಬಂದು ಕೂಡುವತನಕ ಕಡ್ಡಿ ಎತ್ತುವ ಹಾಗಿಲ್ಲ. ಎತ್ತಿದರೆ ವಂಶ ಮುರಿದ ಹಾಗೆ ಅಂತ. ಆ ಮಡಕೆಯನ್ನು ತೊಳೆದು ಮತ್ತೆ ಸುಣ್ಣ ಬಳಿಯಬೇಕು.

ಆಮೇಲೆ ಹುಣಸೂರಿನ ವ್ಯಾಪಾರಿ ಬೆಟ್ಟಸ್ವಾಮಿ ಬಂದ. ಕೊಡಗಿನ ಕಾಫಿ ತೋಟದ ಬಂಗಲೆಗಳಿಗೆ ಹೂದಾನಿ ಬೇಕು ಅಂದ. ಮೊದಲು ಆನೆ ಸಾಕು ಅಂದವನು, ಸ್ವಾತಂತ್ರ್ಯ ಬಂದ ವರ್ಷ ಬಾವುಟ ಬರೆಯಿರಿ ಅಂದ. ಬಾವುಟ ಹಳತಾಯಿತು, ಗುಲಾಬಿ ಬಂತು. ಗುಲಾಬಿ ಕೆಂಪು ಸಾಲದು ಅಂತ ಡಬ್ಬಿಯ ಪೇಂಟು ಬಂತು. ಈಗ ನಕ್ಷೆ. ಬೀದರು ಎಲ್ಲಿದೆಯೋ ನನ್ನ ಸೊಸೆಗೆ ದೇವರಾಣೆ ಗೊತ್ತಿಲ್ಲ, ಆದರೂ ಬರೆಯುತ್ತಾಳೆ. ಹೂದಾನಿಯ ದುಂಡು ಹೊಟ್ಟೆಯ ಮೇಲೆ ರಾಜ್ಯವೇ ಬಸುರಿಯಾದ ಹಾಗೆ ಕಾಣುತ್ತದೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮನೆ ನಡೆಯುತ್ತಿರುವುದು ಅದರಿಂದಲೇ.

ಐರಣೆ ಕೇಳುವವರು ವರ್ಷ ವರ್ಷಕ್ಕೆ ಕಡಿಮೆಯಾದರು. ಎಲ್ಲರಿಗೂ ಹಿತ್ತಾಳೆ ಕೊಡವೇ ಬೇಕು. ಕೊನೆಗೆ ಗುರುತು ಹೇಳಿ ಕೇಳುವ ಮನೆ ಅಂತ ಉಳಿದದ್ದು ರಾವಂದೂರಿನದೊಂದೇ. ಈ ಮಾಘದಲ್ಲಿ ಆ ಮನೆಯ ಮಗಳ ಮದುವೆ. ರುದ್ರಸ್ವಾಮಿ ಬಂದು ಜಗುಲಿಯ ಮೇಲೆ ಕೂತು ಹೇಳಿದರು: "ನೋಡಿ ಚಿಕ್ಕಬಸಮ್ಮ, ನನ್ಗೇನೋ ಯಾವ್ದಾದ್ರೂ ಆಯ್ತದೆ. ನಮ್ಮವ್ವ ಕೇಳಾಕಿಲ್ಲ. ನವಣೆ ತೆನೆ ಇಲ್ದಿದ್ರೆ ಮಡ್ಕೇನೇ ಬ್ಯಾಡ, ಇನ್ಮೇಲಿಂದ ಹಿತ್ತಾಳೇನೇ ತಂದ್ಬುಡಿ ಅಂದವ್ಳೆ."

ಅವರವ್ವ ಶಿವನಂಜಮ್ಮನವರು ಆ ಮನೆಗೆ ಸೊಸೆಯಾಗಿ ಬಂದಾಗ ಐರಣೆ ಬರೆದವಳು ನನ್ನ ಅತ್ತೆ. ಆ ತೆನೆ ಈಗ ನನ್ನ ಕೈಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ನಾನೋ ಗಂಡ ಸತ್ತವಳು. ಐರಣೆಯನ್ನು ಮುತ್ತೈದೆಯೇ ಬರೆಯಬೇಕು. ಯಜಮಾನರು ಹೋದ ದಿನದಿಂದ ನಾನು ಅದನ್ನು ಮುಟ್ಟಿಲ್ಲ. ದೂರ ಕೂತು ಬಾಯಲ್ಲಿ ಹೇಳಬಹುದು, ಅಷ್ಟೆ. ಬಾಯಲ್ಲಿ ಹೇಳಿದರೆ ಬರುವ ವಿದ್ಯೆಯೇ ಅದು?

ಚೆಲುವಮ್ಮ ಪಾಪ, ಸೋಮಾರಿಯಲ್ಲ. ಬರೆದಳು, ಕೆಟ್ಟಿತು. ತೊಳೆದಳು, ಸುಣ್ಣ ಬಳಿದಳು, ಮತ್ತೆ ಬರೆದಳು, ಮತ್ತೆ ಕೆಟ್ಟಿತು. ಗುಲಾಬಿ ಬರೆಯುವಾಗ ಹೂದಾನಿ ನಿಂತಿರುತ್ತದೆ, ಕೈ ಓಡಾಡುತ್ತದೆ. ಐರಣೆ ಹಾಗಲ್ಲ. ಎಡಗೈ ಮಡಕೆಯನ್ನು ಸುತ್ತಿಸಬೇಕು, ಬಲಗೈ ಇದ್ದಲ್ಲೇ ಇದ್ದು ಮೇಲೆ ಕೆಳಗೆ ಆಡಬೇಕು. ಅವಳ ಬಲಗೈ ನಿಲ್ಲುವುದೇ ಇಲ್ಲ.

"ಕೈ ಓಡುಸ್ಬ್ಯಾಡ ಕಣೇ! ಮಡ್ಕೆ ಓಡುಸು!"

"ಓಡುಸ್ತಾನೇ ಇವ್ನಿ ಅತ್ತೆ."

"ಎಲ್ಲಿ ಓಡುಸ್ತಿದ್ದೀಯ ನನ್ ತಲೆ! ಅದೂ ಓಡ್ತದೆ, ಇದೂ ಓಡ್ತದೆ!"

ಐರಣೆ ಒಯ್ಯುವ ದಿನ ಬೆಳಗಾದರೂ ಒಂದು ಮಡಕೆಯೂ ಆಗಿರಲಿಲ್ಲ. ಚೆಲುವಮ್ಮ ಕಡ್ಡಿ ಕೆಳಗಿಟ್ಟು ಹಿತ್ತಲ ಚಪ್ಪರದ ಕೆಳಗೆ ಅಳುತ್ತ ಕೂತಳು. ನನಗೂ ಸಾಕಾಗಿ ಹೋಗಿತ್ತು. ಹಾಳಾಗಲಿ, ಹಿತ್ತಾಳೆಯೇ ತರಲಿ ಅಂದುಕೊಂಡೆ. ಅಂದುಕೊಂಡರೂ ಮನಸ್ಸು ಒಪ್ಪಲಿಲ್ಲ.

ಅವಳು ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಅತ್ತೆ, ನೀವು ಕಡ್ಡಿ ಮುಟ್ಬ್ಯಾಡಿ. ಕಡ್ಡಿ ನಾನೇ ಇಡ್ಕತೀನಿ. ನೀವು ನನ್ ಕೈ ಇಡ್ಕಳಿ."

"ಥೂ, ಹುಚ್ಚು ಮುಂಡೇದೆ, ಅದೂ ಒಂದೇ ಇದೂ ಒಂದೇ."

"ಎಂಗ್ ಒಂದೇ ಆಯ್ತದೆ? ನನ್ ಕೈ ಮುಟ್ಬಾರ್ದು ಅಂತ ಯಾವ್ ಶಾಸ್ತ್ರದಲ್ಲೈತೆ?"

ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಅವಳ ಬೆನ್ನಿಗೆ ಕೂತು, ಅವಳ ಬಲಗೈಯನ್ನು ಮುಷ್ಟಿಯಲ್ಲಿ ಹಿಡಿದೆ. ಅವಳು ಮಡಕೆ ಸುತ್ತಿಸಿದಳು. ಓಡಲು ಹೊರಟ ಕೈಯನ್ನು ನಾನು ನಿಲ್ಲಿಸಿದೆ. ಗೆರೆ ಹರಿಯಿತು. ಅದನ್ನು ಮತ್ತೆ ನೋಡುತ್ತೇನೆ ಅಂದುಕೊಂಡಿರಲಿಲ್ಲ, ಕಣ್ಣು ತುಂಬಿ ಬಂತು. ಒಂದಾದ ಮೇಲೊಂದು ಮಡಕೆ ಆಯಿತು. ನನ್ನ ರಟ್ಟೆ ಬಿದ್ದುಹೋಗುತ್ತಿತ್ತು, ಅವಳ ಬೆರಳು ಕೆಂಪಾಗಿದ್ದವು.

ಕೊನೆಯ ಮಡಕೆಯ ಗೆರೆ ಇನ್ನೇನು ಕೂಡಬೇಕು, ಬೀದಿಯಲ್ಲಿ ವಾಲಗ ಕೇಳಿಸಿತು. ಮುಂಬಾಗಿಲಲ್ಲಿ ನನ್ನ ಮಗ ಕೆಂಪಯ್ಯ ಮದುವೆ ಮನೆಯವರನ್ನು ಕೂರಿಸುತ್ತಿದ್ದ. ಅಷ್ಟರಲ್ಲಿ ಹಿತ್ತಲ ಬೇಲಿಯ ಪಡಿಬಾಗಿಲು ಸದ್ದಾಯಿತು. ತಿರುಗಿ ನೋಡಿದರೆ ಶಿವನಂಜಮ್ಮನವರು, ಬಿಳಿ ಸೀರೆ, ಬೋಳು ಹಣೆ. ಐರಣೆಗೆ ಅವರೂ ಬರುವ ಹಾಗಿಲ್ಲ.

ಅವರ ಕಣ್ಣು ಮಡಕೆಯ ಮೇಲೆ ಬಿತ್ತು, ಆಮೇಲೆ ನನ್ನ ಕೈಯ ಮೇಲೆ. ಕೈ ಬಿಟ್ಟರೆ ಚೆಲುವಮ್ಮನ ಕೈ ಓಡುತ್ತದೆ, ಗೆರೆ ಕೆಡುತ್ತದೆ. ಬಿಡದಿದ್ದರೆ, ಮೊಮ್ಮಗಳ ಐರಣೆ ಬರೆಯುತ್ತಿರುವ ವಿಧವೆಯನ್ನು ಅಜ್ಜಿಯೇ ಕಣ್ಣಾರೆ ಕಂಡ ಹಾಗೆ. ನಾನು ಬಿಡಲಿಲ್ಲ. ಬೈದರೆ ಬೈಯಲಿ ಅಂತ ಇನ್ನೂ ಬಿಗಿಯಾಗಿ ಹಿಡಿದೆ.

ಶಿವನಂಜಮ್ಮನವರು ಹತ್ತಿರ ಬಂದರು, ಬಗ್ಗಿ ನೋಡಿದರು.

"ಮೊದ್ಲು ಗೆರೆ ಕೂಡ್ಸಮ್ಮ," ಎಂದರು.

ಮಡಕೆ ಸುತ್ತಿತು, ಗೆರೆ ಕೂಡಿತು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಗಾಡೀಲೇ ಕೂತಿರವ್ವ ಅಂದ ನನ್ ಮಗ. ನೋಡ್ದೆ ಇರಕ್ಕಾಗ್ನಿಲ್ಲ." ಪಡಿಯತ್ತ ಹೊರಟವರು ನಿಂತು, ನನ್ನ ಕಡೆ ತಿರುಗಿದರು. "ನಾನು ಇಲ್ಲಿಗೆ ಬಂದಿಲ್ಲ ಕಣಮ್ಮ. ನೀನೂ ಬರ್ದಿಲ್ಲ."

ಪಡಿ ಮುಚ್ಚಿಕೊಂಡಿತು. ಮುಂಬಾಗಿಲಲ್ಲಿ ಮುತ್ತೈದೆಯರು ಚೆಲುವಮ್ಮನ ಹೆಸರು ಹಿಡಿದು ಕೂಗುತ್ತಿದ್ದರು.

"ಅತ್ತೆ, ಕೈ ಬುಡಿ, ನೋಯ್ತದೆ," ಎಂದಳು ಅವಳು.