ಒಳಗಿನ ನಂಬರು

ಮುಚ್ಚಳದ ಕೊನೆಯ ಸ್ಕ್ರೂ ಬಿಚ್ಚುವ ಮೊದಲೇ ಪರೀಕ್ಷಕನಿಗೆ ಅನುಮಾನ ಶುರುವಾಗಿತ್ತು. ಹಳೆಯ ಕಂಪ್ಯೂಟರುಗಳ ಸಂಗ್ರಹಾಲಯದಲ್ಲಿ ಯಾವುದು ಇಟ್ಟುಕೊಳ್ಳಲು ಯೋಗ್ಯ, ಯಾವುದು ಗುಜರಿ ಎಂದು ಹೇಳುವುದೇ ಅವನ ಕೆಲಸ. ಹೊರಕವಚದ ನಂಬರೂ ಒಳಗಿನ ಬೋರ್ಡಿನ ನಂಬರೂ ಒಂದೇ ಆಗಿದ್ದರೆ ಸರಿ, ಇಲ್ಲದಿದ್ದರೆ ಸಾಕ್ಷಾತ್ ದೇವರೇ ಹೊತ್ತು ತಂದರೂ ವಾಪಸು.

ಇವತ್ತು ಹೊತ್ತು ತಂದವಳು ಅತ್ತಿಗೆ. ತೀರಿಕೊಂಡ ಅಣ್ಣ ಇಪ್ಪತ್ತು ವರ್ಷ ಊರವರ ಅರ್ಜಿಗಳನ್ನು ಟೈಪು ಮಾಡಿಕೊಟ್ಟ ಯಂತ್ರವದು. ಅದರ ಪಕ್ಕ ಅಣ್ಣನ ಹೆಸರಿನದೊಂದು ಚೀಟಿ ಇರಬೇಕೆಂಬುದಷ್ಟೇ ಅವಳ ಆಸೆ. ಅವನಿಗೋ, ಅತ್ತಿಗೆ ಮೆತ್ತಗೆ ಮಾತಾಡುವುದರ ಮೇಲೂ ಅನುಮಾನ.

ನಂಬರು ತಾಳೆಯಾಗಲಿಲ್ಲ.

"ಇದನ್ನ ಯಾರ ಕೈಗಾದ್ರೂ ಕೊಟ್ಟಿದ್ರಾ ಅತ್ತಿಗೆ? ಒಳಗಿರೋದು ಬೇರೆ ಮೆಷಿನ್‌ದು."

"ನಿನ್ನ ಕೈಗೆ ಬಿಟ್ಟು ಇನ್ಯಾರಿಗೂ ಕೊಟ್ಟಿಲ್ಲ. ನಿಮ್ಮಣ್ಣ ಬಿಡ್ತಿದ್ರಾ?"

"ಎಲ್ಲರೂ ಹೀಗೇ ಹೇಳ್ತಾರೆ."

"ಎಲ್ಲರೂ ನಿಂಗೆ ಅತ್ತಿಗೆ ಆಗ್ತಾರೇನಪ್ಪಾ?"

ಅವನು ಬಗ್ಗಿ ನೋಡಿದ. ಬೋರ್ಡಿನ ಮೂಲೆಯಲ್ಲಿ ಹಸಿರು ಬಣ್ಣದ ಬೊಟ್ಟು, ಕೆಳಗೆ ತಾರೀಕು. ಗುರುತೂ ಅಕ್ಷರವೂ ಅವನದೇ. ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದಾಗ, ಆ ಒಂದೇ ದಿನ ಎರಡು ಒಂದೇ ಥರದ ಯಂತ್ರಗಳು ಧೂಳು ತೆಗೆಸಲು ಬಂದಿದ್ದವು. ಒಂದು ಅಣ್ಣನದು, ಇನ್ನೊಂದು ಊರಿನ ವಕೀಲರದು. ಜಂಬ ಮಾಡಿ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿ ಹರಡಿದ್ದ. ಮತ್ತೆ ಜೋಡಿಸುವಾಗ ಅದರದು ಇದಕ್ಕೆ, ಇದರದು ಅದಕ್ಕೆ ಸೇರಿಹೋಗಿರಬೇಕು. ಎರಡೂ ಚೆನ್ನಾಗಿಯೇ ಓಡಿದ್ದರಿಂದ ಅವನಿಗೂ ಸೇರಿ ಯಾರಿಗೂ ಗೊತ್ತಾಗಿರಲಿಲ್ಲ.

ವಕೀಲರ ಯಂತ್ರ ಈಗ ಹಜಾರದ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿದೆ. 'ಒಂದು ಭಾಗವೂ ಬದಲಾಗದ ಯಂತ್ರ' ಎಂಬ ಚೀಟಿಯ ಕೆಳಗೆ ಅವನ ಸಹಿ. ಜಗತ್ತಿನಲ್ಲಿ ಅವನು ಬಿಚ್ಚಿ ನೋಡದೆ ಒಪ್ಪಿದ್ದು ಅದೊಂದನ್ನೇ. ತಾನೇ ಕೈಯಾಡಿಸಿದ್ದು, ಅದರಲ್ಲೇನು ನೋಡುವುದು ಎಂದುಕೊಂಡಿದ್ದ.

ಗುಜರಿ ಎಂದು ಮುಚ್ಚಳ ಹಾಕಿಬಿಟ್ಟರೆ ಅಲ್ಲಿಗೆ ಮುಗಿಯಿತು. ಅತ್ತಿಗೆ ಜಗಳ ತೆಗೆಯುವವಳಲ್ಲ, ತಂದ ಕಂಬಳಿಯಲ್ಲೇ ಯಂತ್ರ ಸುತ್ತಿಕೊಂಡು ಹೊರಟುಬಿಡುತ್ತಾಳೆ. ಅವಳನ್ನು ಇಷ್ಟು ಹೊತ್ತು ಕಳ್ಳಿಯನ್ನು ನೋಡುವ ಹಾಗೆ ನೋಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯೂ ಆಯಿತು.

"ಆಗಲ್ವಾ ಹಾಗಾದ್ರೆ?" ಎಂದಳು ಅತ್ತಿಗೆ.

"ತಡೀರಿ. ಇನ್ನೊಂದನ್ನೂ ನೋಡ್ಬೇಕು."

ಹಜಾರದಲ್ಲಿ ಜನರಿದ್ದರು. ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಕೇಳಿಕೊಂಡು ಗಾಜಿನ ಪೆಟ್ಟಿಗೆ ತೆಗೆದ. ಸಹಿಯಿದ್ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮುಚ್ಚಳದ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟ. ಸ್ಕ್ರೂ ಬಿಗಿಯಾಗಿತ್ತು, ಯಂತ್ರವೇ ಜಾರತೊಡಗಿತು.

ಹಿಂದಿನಿಂದ ಬಂದ ಅತ್ತಿಗೆ ಯಂತ್ರದ ಆಚೆ ಬದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.