ಒಳಗೆ ಬೆಳೆದ ಸಸಿಗಳ ಕಡತ

ನಮ್ಮಪ್ಪ ಬದರಿನಾಥರಾಯರು ಸರ್ಕಾರಿ ಕಚೇರಿಯಿಂದ ರಿಟೈರಾಗುವಾಗ ಕಚೇರಿಯನ್ನೇ ಹೊತ್ತುಕೊಂಡು ಮನೆಗೆ ಬಂದುಬಿಟ್ಟರು. ಜಯನಗರದ ನಮ್ಮ ಹೊಸ ಮನೆಯಲ್ಲಿ ಹಾಲಿನವಳನ್ನು ಬದಲಾಯಿಸಬೇಕಾದರೂ ಅಮ್ಮ ಟಿಪ್ಪಣಿ ಬರೆದು ಕಡತದಲ್ಲಿಡಬೇಕು, ಅಪ್ಪ ಓದಿ ರುಜು ಹಾಕಬೇಕು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಉರಿಯುವುದಕ್ಕೆ ಬೇರೆ ಕಾರಣವೂ ಇತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ವರ್ಷದಿಂದ ಮನೆಯಲ್ಲೇ ಕೂತಿದ್ದೆ. ಎರಡು ರಸ್ತೆ ಆಚೆ ಯುಗಾದಿಗೆ ಟೈಪಿಂಗ್ ಕ್ಲಾಸು ಶುರುವಾಗುವುದರಲ್ಲಿತ್ತು. ಸೇರ್ತೀನಿ ಅಂದರೆ, "ಹೊರಗಿನ ಗಾಳಿ ಬಿಸಿಲು ನಿನಗಾಗೋಲ್ಲ ಅಮ್ಮಣ್ಣಿ. ಮದುವೆ ಆಗಲಿ, ಆಮೇಲೆ ಏನು ಬೇಕಾದ್ರೂ ಮಾಡ್ಕೋ" ಎಂದು ಅಪ್ಪ ಕನ್ನಡಕ ಒರೆಸುತ್ತಿದ್ದರು.

ಅದೇ ಹೊತ್ತಿಗೆ ಅವರಿಗೆ ಟೊಮ್ಯಾಟೊ ಹುಚ್ಚು ಹತ್ತಿತು. ಅಳಿಲು, ಗುಬ್ಬಿ, ಪಕ್ಕದ ಮನೆಯವರು ಯಾರ ಕಣ್ಣೂ ಬೀಳಬಾರದೆಂದು ಸಸಿಗಳನ್ನು ಡಾಲ್ಡಾ ಡಬ್ಬಗಳಲ್ಲಿ, ಉಗ್ರಾಣದೊಳಗೆ ಬೆಳೆಸಿದರು. ಬೆಳಕಿಲ್ಲದೆ ಅವು ಬಿಳಿಚಿಕೊಂಡು ಕಡ್ಡಿಯ ಹಾಗೆ ಉದ್ದಕ್ಕೆ ಹೋದವು. "ನೋಡು ಅಲಮೇಲು, ಎಷ್ಟೆತ್ತರ!" ಎಂದು ಅಮ್ಮನೆದುರು ಬೀಗಿದರು. ಒಂದು ಶುಭಮುಹೂರ್ತ ನೋಡಿ, ಉರಿಬಿಸಿಲಿನಲ್ಲಿ ಇಪ್ಪತ್ತನ್ನೂ ಹಿತ್ತಲಲ್ಲಿ ನೆಟ್ಟರು. ಸಂಜೆಗೆ ಎಲ್ಲವೂ ಮಲಗಿದವು. ಗಾಬರಿಯಾಗಿ ಕೊಡಗಟ್ಟಲೆ ನೀರು ಸುರಿದರು. ನಾಲ್ಕು ದಿನಕ್ಕೆ ಬುಡವೂ ಕೊಳೆಯಿತು. ಆಮೇಲೆ ವಿಚಾರಣೆ. ಅಮ್ಮನಿಂದ, ನನ್ನಿಂದ ಲಿಖಿತ ವಿವರಣೆ ಕೇಳಿದರು. ಎದುರುಮನೆಯ ಮೇಕೆಯ ಮೇಲೂ ಅನುಮಾನವಿತ್ತು, ಆದರೆ ಅದಕ್ಕೆ ಬರೆಯಲು ಬರುತ್ತಿರಲಿಲ್ಲ.

ಜರಗನಹಳ್ಳಿಯಿಂದ ಸೊಪ್ಪು ತರುತ್ತಿದ್ದ ಮುನಿವೆಂಕಟಮ್ಮ ಬುಟ್ಟಿ ಇಳಿಸಿ, ಸತ್ತ ಸಸಿಯೊಂದನ್ನು ಎತ್ತಿ ನೋಡಿ ನಕ್ಕಳು. "ಅಯ್ಯೋ ಸಾಮಿ, ಕತ್ತಲಲ್ಲಿ ಸಾಕ್ಬಿಟ್ಟು ಒಂದೇ ದಿನ ಬಿಸಿಲಿಗೆ ತಳ್ಳಿದ್ರೆ ಬದುಕ್ತಾವಾ? ದಿನಾ ಒಂದೊಂದು ಗಳಿಗೆ ಈಚೆಗೆ ಇಕ್ಕಿ. ಮೊದ್ಲು ನೆರಳು, ಆಮೇಲೆ ಬಿಸಿಲು. ರೂಢಿ ಆಗ್ಬೇಕು."

ಅಪ್ಪ ಅದನ್ನು ತಮ್ಮದೇ ಬುದ್ಧಿಯೆಂಬಂತೆ ಆದೇಶ ಬರೆದರು: "ಒಳಗೆ ಬೆಳೆದ ಯಾವುದನ್ನೂ ಒಮ್ಮೆಲೇ ಹೊರಗೆ ಕಳಿಸತಕ್ಕದ್ದಲ್ಲ. ಮೊದಲ ಮೂರು ದಿನ ನೆರಳಿನಡಿ ಒಂದು ಗಂಟೆ. ನಾಲ್ಕನೆಯ ದಿನ ನೆರಳು ತೆಗೆಯತಕ್ಕದ್ದು." ಎರಡನೆಯ ಸಲದ ಸಸಿಗಳು ಬದುಕಿದವು. ಅಪ್ಪನನ್ನು ಹಿಡಿಯುವವರೇ ಇಲ್ಲ!

ಯುಗಾದಿಗೆ ಎರಡು ದಿನ ಇರುವಾಗ ಅದೇ ಕಡತದಲ್ಲಿ ನಾನೊಂದು ಟಿಪ್ಪಣಿ ಇಟ್ಟೆ: "ವಿಷಯ: ಒಳಗೆ ಬೆಳೆದ ಇನ್ನೊಂದು ಸಸಿ. ಹೆಸರು ಅಮ್ಮಣ್ಣಿ. ವಯಸ್ಸು ಹದಿನೇಳು. ಇದನ್ನು ಮದುವೆಯ ದಿನ ಒಮ್ಮೆಲೇ ಹೊರಗೆ ಕಳಿಸುವ ಯೋಚನೆಯಿದೆ. ಮೇಲಿನ ಆದೇಶದಂತೆ ದಿನಕ್ಕೊಂದು ಗಂಟೆ ಟೈಪಿಂಗ್ ಕ್ಲಾಸಿಗೆ ಕಳಿಸಿ ರೂಢಿ ಮಾಡಿಸಲು ಕೋರಿದೆ."

ಅಪ್ಪ ಓದಿದರು. ಮತ್ತೆ ಓದಿದರು.

"ಏನಿದು ಅಧಿಕಪ್ರಸಂಗ!" ಎಂದು ಗುಡುಗಿದರು.

ಅಮ್ಮ ಅಡುಗೆಮನೆಯಿಂದಲೇ, "ಆದೇಶ ನಿಮ್ಮದೇ ಅಲ್ವೇ? ರುಜೂನೂ ನಿಮ್ಮದೇ" ಅಂದಳು.

ತಾವೇ ರುಜು ಹಾಕಿದ್ದನ್ನು ತಾವೇ ಮುರಿಯುವುದು ಅವರ ಜಾತಕದಲ್ಲೇ ಇರಲಿಲ್ಲ. ಪೆನ್ನು ತೆಗೆದು ಬರೆದರು: "ಮಂಜೂರು. ನೆರಳಿನ ಷರತ್ತು ಅನ್ವಯಿಸುತ್ತದೆ."

ಮೊದಲ ಮೂರು ದಿನ ಅಪ್ಪ ನನ್ನ ತಲೆಯ ಮೇಲೆ ಕಪ್ಪು ಕೊಡೆ ಹಿಡಿದು ಕ್ಲಾಸಿನ ಬಾಗಿಲವರೆಗೆ ಬಂದರು. ರಸ್ತೆಯವರೆಲ್ಲ ನೋಡಿ ನಕ್ಕರು. ನಾಚಿಕೆಯಿಂದ ಸತ್ತೇಹೋದೆ. ನಾಲ್ಕನೆಯ ದಿನ ಗೇಟಿನ ಹತ್ತಿರ ನಿಂತರು. ಆಕಾಶ ನೋಡಿದರು. ಕೊಡೆ ಮಡಚಿದರು.

"ಹೋಗಿ ಬಾ" ಅಂದರು.

ರಸ್ತೆಯ ತಿರುವಿನಲ್ಲಿ ತಿರುಗಿ ನೋಡಿದೆ. ಅಪ್ಪ ಬಿಸಿಲಲ್ಲೇ ನಿಂತಿದ್ದರು. ಕೊಡೆ ಕಂಕುಳಲ್ಲಿತ್ತು.