ಬಲೂನಿಗೆ ಗಡ್ಡ ಇರುವುದಿಲ್ಲ

ನಾನು ವಿಮೆ ಮಾರುವವನು, ಅಂದರೆ ಹೆದರಿಕೆ ಮಾರುವವನು. ಜನ ಚೆನ್ನಾಗಿ ಹೆದರಿದರೆ ನನ್ನ ಮನೆಯ ಒಲೆ ಉರಿಯುತ್ತದೆ. ಎದುರಿಗೆ ಕೂತವನು ಯಾವ ಮೆಟ್ಟಿಲಿನಿಂದ ಜಾರಬಹುದು, ಯಾವ ಬಸ್ಸಿಗೆ ಸಿಗಬಹುದು ಎಂಬುದನ್ನೆಲ್ಲ ನಗುನಗುತ್ತಲೇ ವಿವರಿಸಬಲ್ಲೆ. ನನ್ನ ಅಕ್ಕ ಮಾತ್ರ ಈವರೆಗೆ ನನ್ನಿಂದ ಒಂದು ಪಾಲಿಸಿಯನ್ನೂ ತೆಗೆದುಕೊಂಡಿಲ್ಲ. ಕೇಳಿದಾಗಲೆಲ್ಲ, "ನಮ್ಮನ್ನ ನೋಡ್ಕೊಳ್ಳೋನು ಮೇಲಿದಾನೆ, ನೀನು ಮೊದಲು ಊಟ ಮಾಡು," ಎನ್ನುತ್ತಾಳೆ. ಮೇಲಿರುವವನು ಕಂತು ಕಟ್ಟಿಸಿಕೊಳ್ಳುವುದಿಲ್ಲ. ಅಂಥವನ ಜೊತೆ ಪೈಪೋಟಿ ಮಾಡಿ ನಾನು ಗೆಲ್ಲುವುದುಂಟೇ?

ಅಕ್ಕನ ಗಂಡ, ಅಂದರೆ ನನ್ನ ಭಾವ, ಕ್ಷೌರಿಕರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಒಂದೇ ಕುರ್ಚಿಯ ಅಂಗಡಿ. ಕತ್ತರಿ ಕೆಲಸ ಯಾರು ಬೇಕಾದರೂ ಮಾಡಿಯಾರು, ಭಾವನ ಹೆಸರು ಇದ್ದದ್ದು ಕತ್ತಿಯಲ್ಲಿ. ಅವರು ಗಡ್ಡ ತೆಗೆಯುವಾಗ ಗಿರಾಕಿಗಳಿಗೆ ನಿದ್ದೆ ಬರುತ್ತಿತ್ತು. ಕತ್ತಿ ಗಂಟಲಿನ ಹತ್ತಿರ ಬರುವ ಹೊತ್ತಿಗೆ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಮಲಗಿದವರನ್ನು ಎಬ್ಬಿಸಬಾರದು ಎಂಬುದು ಆ ಅಂಗಡಿಯ ಒಂದೇ ಒಂದು ಕಾನೂನು. ಮಲಗಿದವನು ತಾನಾಗಿ ಏಳುವವರೆಗೆ ಉಳಿದವರು ಬೆಂಚಿನ ಮೇಲೆ ಪಿಸುಪಿಸು ಮಾತಾಡುತ್ತ ಕಾಯಬೇಕು. ಒಬ್ಬ ನಿವೃತ್ತ ಬಸ್ ಡ್ರೈವರ್ ಅಂತೂ ಮನೆಯಲ್ಲಿ ನಿದ್ದೆ ಬಾರದಿದ್ದರೆ ಗಡ್ಡ ಇಲ್ಲದಿದ್ದರೂ ಬಂದು ಕೂರುತ್ತಿದ್ದ.

ಈ ವರ್ಷದ ಮೊದಲಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಭಾವನ ಕೈಯಿಂದ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಕೈ ಎತ್ತಿಕೊಳ್ಳಲಿಲ್ಲ. ಪಾರ್ಶ್ವವಾಯು, ಅದೂ ಬಲಗೈಗೆ. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಊರವರ ಬಟ್ಟೆ ಹೊಲಿಯಲು ಹಿಡಿದಳು. ಭಾವ ಆ ಬಟ್ಟೆಗಳ ಗುಂಡಿಗಳನ್ನು ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಒಂದೊಂದಾಗಿ ಹಾಕುತ್ತ ಕೂತರು. ಡಾಕ್ಟರು ಹೇಳಿದ ವ್ಯಾಯಾಮ ಅದು. ತಿಂಗಳುಗಟ್ಟಲೆ ಹಾಕಿದರು. ಕೈ ವಾಪಸು ಬಂತು. ಬಂದದ್ದು ಅದೇ ಕೈ, ಆದರೆ ಕೆಲಸಕ್ಕೆ ಹೊಸದಾಗಿ ಸೇರಿದವರ ಹಾಗೆ ಸ್ವಲ್ಪ ನಡುಗುತ್ತಿತ್ತು.

ಅಷ್ಟೂ ದಿನ ಅಕ್ಕ ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಬೆಳಿಗ್ಗೆ ಬೀಗ ತೆಗೆಯುವುದು, ಕೂದಲು ಬೀಳದ ನೆಲವನ್ನು ಗುಡಿಸುವುದು, ಯಾರೂ ಒರೆಸಿಕೊಳ್ಳದ ಟವೆಲನ್ನು ಒಗೆದು ಮಡಚಿಡುವುದು. ಆಮೇಲೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಜೋರಾಗಿಯೇ ಹೇಳುವುದು: "ದೇವರೇ, ಇವತ್ತು ಒಬ್ಬರನ್ನ ಕಳಿಸು. ಜಾಸ್ತಿ ಬೇಡ."

ಭಾವ ಅಂಗಡಿಗೆ ಮರಳಿದ ಮೇಲೆ ಬಂದವರು ಇಲ್ಲವೆಂದಲ್ಲ. ಡ್ರೈವರ್ ಬಂದ. ಕುರ್ಚಿಯಲ್ಲಿ ಕೂತ, ನೊರೆ ಹಚ್ಚಿಸಿಕೊಂಡ. ಭಾವ ಕತ್ತಿ ಬಿಚ್ಚಿದರು. ಕತ್ತಿಯ ತುದಿ ಕನ್ನಡಿಯಲ್ಲಿ ಸಣ್ಣಗೆ ಕುಣಿದದ್ದನ್ನು ಅವನು ನೋಡಿದ. ಮನೆಯಲ್ಲಿ ಗ್ಯಾಸ್ ಆರಿಸಿ ಬಂದ ನೆನಪಿಲ್ಲ ಎಂದು ಎದ್ದ. ನೊರೆಯ ಸಮೇತ ಬೀದಿಗಿಳಿದು ಹೋದ. ಇಡೀ ಬೀದಿ ನೋಡಿತು. ಆಮೇಲೆ ಯಾರೂ ಬರಲಿಲ್ಲ.

ಆಗ ಭಾವ ಬಲೂನು ತಂದರು. ಕಸುಬು ಕಲಿಯುವವರು ಬಲೂನಿಗೆ ನೊರೆ ಹಚ್ಚಿ ಕತ್ತಿಯಿಂದ ತೆಗೆದು ಅಭ್ಯಾಸ ಮಾಡುತ್ತಾರೆ. ಒಡೆಯದಿದ್ದರೆ ಕೈ ಹಗುರ ಇದೆ ಎಂದರ್ಥ. ಭಾವ ಚಿಕ್ಕವಯಸ್ಸಿನಲ್ಲಿ ಹಾಗೇ ಕಲಿತದ್ದು, ಈಗ ತಲೆ ನರೆತ ಮೇಲೆ ಮತ್ತೆ ಅಲ್ಲಿಂದಲೇ ಶುರು ಮಾಡಿದರು. ಕುರ್ಚಿಯ ದಿಂಬಿಗೆ ಬಲೂನು ಕಟ್ಟಿ, ಅದರ ಕುತ್ತಿಗೆಗೆ ಟವೆಲು ಸುತ್ತಿ, "ತಲೆ ಸ್ವಲ್ಪ ಎತ್ತಿ ಸಾರ್" ಎನ್ನುತ್ತ ಕೆಲಸ ಮಾಡುತ್ತಿದ್ದರು. ಢಮ್ ಎಂದರೆ ಪಕ್ಕದ ಬೀಗದಂಗಡಿಯವನು ಗೋಡೆಯಾಚೆಯಿಂದ, "ಇನ್ನೊಬ್ಬರು ಹೋದ್ರು!" ಎಂದು ಕೂಗುತ್ತಿದ್ದ. ಮೊದಮೊದಲು ದಿನವಿಡೀ ಕೂಗುತ್ತಿದ್ದ. ಬರಬರುತ್ತ ಕಡಿಮೆಯಾಯಿತು. ಒಡೆಯದೆ ಮುಗಿದ ಬಲೂನಿಗೆ ಭಾವ ಬೆರಳು ಮಡಿಸಿ ಟಕ್ಕೆಂದು ಒಂದು ಹೊಡೆದು, "ಒಡೀಲಿಲ್ಲ" ಎನ್ನುತ್ತಿದ್ದರು. ಕೊನೆಗೆ ಬೀಗದಂಗಡಿಯವನಿಗೆ ಕೂಗಲು ಏನೂ ಉಳಿಯಲಿಲ್ಲ.

ಆದರೂ ಮುಖ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಖ ಸಿಕ್ಕೀತು ಎಂಬ ಹೆದರಿಕೆ ಭಾವನಿಗೇ ಹಿಡಿಯಿತು. "ಬಲೂನಿಗೆ ಗಡ್ಡ ಇರಲ್ಲ ಕಣೋ," ಎಂದರು ನನ್ನ ಹತ್ತಿರ. "ರಕ್ತಾನೂ ಇರಲ್ಲ. ಯಾರಿಗಾದ್ರೂ ಒಂದು ಗೀರು ಬಿದ್ರೆ ಸಾಕು, ಆಮೇಲೆ ನಾನು ಕತ್ತಿ ಮುಟ್ಟಲ್ಲ." ಹಾಗೆಂದವರು ಮುಂದಿನ ಬೀದಿಯ ಮೊಬೈಲ್ ಅಂಗಡಿಯವನಿಗೆ ಮಳಿಗೆ ಬಿಟ್ಟುಕೊಡಲು ಒಪ್ಪಿಬಿಟ್ಟರು. ಶನಿವಾರ ಬೆಳಿಗ್ಗೆ ಅವನು ಟೇಪು ಹಿಡಿದು ಅಳತೆಗೆ ಬರುವುದೆಂದಾಯಿತು. ಅವನು ಅಳತೆ ತೆಗೆದುಕೊಂಡು ಹೋದರೆ ಭಾವನ ಕಸುಬು ಅಲ್ಲಿಗೆ ಮುಗಿಯಿತು. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಅಕ್ಕ ಮಾತ್ರ ಶನಿವಾರವೂ ಎದ್ದು ಬೀಗ ತೆಗೆದಳು.

ನಾನು ಅವತ್ತು ಹೋದದ್ದು ಅಕ್ಕನಿಗೆ ಬುದ್ಧಿ ಹೇಳಲು. ಹೇಗೆ ಹೇಳಲಿ ಎಂದು ಯೋಚಿಸಿ ಯೋಚಿಸಿ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಒಳಗೆ ಹೋದರೆ ಅವಳು ಕನ್ನಡಿ ಒರೆಸುತ್ತಿದ್ದಳು. ಭಾವ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಆ ಬೆಂಚಿನ ಮೇಲೆ ನಾನು ಎಂದೂ ನೋಡಿರಲಿಲ್ಲ.

"ಅಕ್ಕಾ, ಕೂತ್ಕೋ. ಸ್ವಲ್ಪ ಮಾತಾಡೋದಿದೆ."

"ನಿಂತ್ರೂ ಕಿವಿ ಕೇಳುತ್ತೆ. ಹೇಳು."

"ದೇವರ ಮೇಲೆ ಭಾರ ಹಾಕೋದು ಒಳ್ಳೇದೇ. ಆದ್ರೆ ಒಬ್ಬರನ್ನ ಕಳಿಸು, ಒಬ್ಬರನ್ನ ಕಳಿಸು ಅಂತ ದಿನಾ ಕೇಳ್ತಾನೇ ಇದೀಯ. ಯಾರನ್ನ ಕಳಿಸಿದಾನೆ, ನೀನೇ ಹೇಳು?"

ಅಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನ ಮುಖ ನೋಡಿದಳು. ಮುಖ ಎಂದರೆ ಮುಖದ ಕೆಳಭಾಗ. ಕಾಲೇಜು ಬಿಟ್ಟಾಗಿನಿಂದ ನಾನು ಗಡ್ಡ ಬಿಟ್ಟಿದ್ದೆ.

"ನಿನ್ನನ್ನ," ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಅಯ್ಯೋ, ಎಲ್ಲಿ ನೋಡ್ತೀಯೋ? ನಿನಗೇ ಹೇಳ್ತಿರೋದು. ಒಳ್ಳೇ ಪೊದೆ ಬೆಳೆಸ್ಕೊಂಡು ಬಂದಿದೀಯ. ಕೂತ್ಕೋ."

"ಅಕ್ಕಾ, ಇದು ವ್ಯವಹಾರದ ಗಡ್ಡ. ಗಡ್ಡ ಇದ್ರೆ ಜನ ನನ್ನನ್ನ ನಂಬ್ತಾರೆ."

"ನೀನು ಯಾರನ್ನ ನಂಬ್ತೀಯ?"

ಇಂಥ ಪ್ರಶ್ನೆಯನ್ನು ಬೆಳಿಗ್ಗೆ ತಿಂಡಿಗೂ ಮುಂಚೆ ಕೇಳಬಾರದು. ನಾನು ಭಾವನ ಕಡೆ ನೋಡಿದೆ, ಅವರಾದರೂ ಬೇಡ ಅಂದಾರು ಎಂದು. ಅವರು ನೆಲ ನೋಡುತ್ತಿದ್ದರು. ನನ್ನ ಗಡ್ಡ ನೋಡದೇ ಇರಲು ಅವರು ಬಹಳ ಕಷ್ಟಪಡುತ್ತಿರುವುದು ಗೊತ್ತಾಗುತ್ತಿತ್ತು. ನನ್ನ ಮೊಟ್ಟಮೊದಲ ಮೀಸೆ ತೆಗೆದವರು ಅವರೇ. ನಾಲ್ಕು ಕೂದಲಿಗೆ ಬಿಸಿನೀರು, ನೊರೆ, ಟವೆಲು, ಎಲ್ಲ ಮರ್ಯಾದೆಯನ್ನೂ ಮಾಡಿದ್ದರು. ಥೂ, ಹೋಗಲಿ ಎಂದು ಕೂತೆ.

ಮೊದಲು ಕತ್ತರಿಯಿಂದ ಕಡಿಮೆ ಮಾಡಿದರು. ಆಮೇಲೆ ಬಿಸಿ ಟವೆಲು, ನೊರೆ. ಆಮೇಲೆ ಕತ್ತಿ. ಆ ಹೊತ್ತಿಗೆ ನಾನು ನನ್ನದೇ ಪಾಲಿಸಿಯ ಷರತ್ತುಗಳನ್ನು ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ತಿಳಿದೂ ತಿಳಿದೂ ಅಪಾಯಕ್ಕೆ ಕತ್ತು ಕೊಟ್ಟವರಿಗೆ ಪರಿಹಾರ ಸಿಗುವುದಿಲ್ಲ. ಅದನ್ನು ನಾನೇ ಎಷ್ಟೋ ಜನರಿಗೆ ಓದಿ ಹೇಳಿದ್ದೇನೆ. ಬೇರೆ ದಾರಿ ಕಾಣದೆ ದೇವರನ್ನು ನೆನೆದೆ.

"ತುಟಿ," ಎಂದರು ಭಾವ.

"ಏನು?"

"ತುಟಿ ಅಲ್ಲಾಡ್ತಿದೆ. ಏನ್ ಮಾಡ್ತಿದೀಯ?"

"ಪ್ರಾರ್ಥನೆ."

"ಬಾಯಿ ಮುಚ್ಕೊಂಡು ಮಾಡು. ಅವನಿಗೆ ಕೇಳಿಸುತ್ತೆ."

ಎಡಗೆನ್ನೆ ಮುಗಿಯಿತು. ಮುಗಿದ ಕೂಡಲೇ ಅವರು ಅಭ್ಯಾಸಬಲದಿಂದ ಬೆರಳು ಮಡಿಸಿ ನನ್ನ ಕೆನ್ನೆಗೆ ಟಕ್ಕೆಂದು ಹೊಡೆಯಲು ಹೋದರು, ನಡುವೆಯೇ ನೆನಪಾಗಿ ಕೈ ತಡೆದರು. ಬಲಗೆನ್ನೆಯೂ ಅರ್ಧ ಆಯಿತು. ನಾನು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಬಿಟ್ಟುಕೊಂಡು, ಕನ್ನಡಿಯಲ್ಲಿ ಕತ್ತಿಯನ್ನೇ ಕಾಯುತ್ತಿದ್ದೆ. ಕತ್ತಿ ಗಂಟಲಿನ ಕಡೆ ಬಂತು. ಬಂದದ್ದು ಅಲ್ಲೇ ನಡುಗತೊಡಗಿತು. ಭಾವ ಕೈ ಎತ್ತಿಬಿಟ್ಟರು.

"ಆಗಲ್ಲ ಕಣೋ," ಎಂದರು. "ಕನ್ನಡೀಲಿ ನಿನ್ನ ಕಣ್ಣು ನೋಡಿದ್ರೆ ನನ್ನ ಕೈ ಹೆದರುತ್ತೆ. ಬಲೂನು ಹೀಗೆ ನೋಡಲ್ಲ."

ಅರ್ಧ ಗಡ್ಡದಲ್ಲಿ ನಾನು ಎದ್ದು ಹೋಗಬಹುದಿತ್ತು. ಡ್ರೈವರ್ ನೊರೆಯಲ್ಲೇ ಹೋಗಿದ್ದನಲ್ಲ.

"ಅಕ್ಕಾ, ನಿನಗೆ ಹೆದರಿಕೇನೇ ಆಗಲ್ವಾ?" ಎಂದೆ. ಸಿಟ್ಟಿನಿಂದಲೇ ಕೇಳಿದೆ. ನಿಜವಾಗಿಯೂ ಸಿಟ್ಟು ಬಂದಿತ್ತು, ಅವಳ ಮೇಲೋ ಮೇಲಿನವನ ಮೇಲೋ ಗೊತ್ತಿಲ್ಲ.

"ಆಗಲ್ಲ ಅಂತ ಯಾರಂದ್ರು?" ಎಂದಳು ಅಕ್ಕ. ಅವಳ ಕೈಯಲ್ಲಿದ್ದ ಟವೆಲು ಹಿಂಡಿ ಹಿಂಡಿ ಹಗ್ಗದ ಹಾಗಾಗಿತ್ತು. "ದಿನಾ ಬೆಳಿಗ್ಗೆ ಆ ಬೀಗ ತೆಗೆಯುವಾಗ ಕೈಕಾಲು ತಣ್ಣಗಾಗುತ್ತೆ ಕಣೋ. ಇವತ್ತೂ ಯಾರೂ ಬರದಿದ್ರೆ ಅಂತ. ದೇವರೇನು ನನಗೆ ಮಾತು ಕೊಟ್ಟಿದಾನಾ? ಏನೂ ಹೇಳಿಲ್ಲ ಅವನು. ಹೆದರಿಕೆ ಹೋದ್ಮೇಲೆ ಬೀಗ ತೆಗೆಯೋಣ ಅಂದ್ಕೊಂಡಿದ್ರೆ ಈ ಬಾಗಿಲು ಇಷ್ಟೊತ್ತಿಗೆ ತುಕ್ಕು ಹಿಡೀತಿತ್ತು. ಅವನು ಇದಾನೆ ಅಂದ್ಕೊಂಡು ತೆಗೀತೀನಿ, ಅಷ್ಟೇ."

ಇಷ್ಟು ವರ್ಷ ಇವಳಿಗೆ ಹೆದರಿಕೆ ಎಂಬ ಅಂಗವೇ ಇಲ್ಲ ಎಂದುಕೊಂಡಿದ್ದೆ. ನನ್ನಷ್ಟೇ ಹೆದರಿಕೆ ಇಟ್ಟುಕೊಂಡೇ ಅವಳು ದಿನವೂ ನೆಲ ಗುಡಿಸಿದ್ದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು. ಅದನ್ನು ಬಾಯಿಬಿಟ್ಟು ಹೇಳುವ ವಾಡಿಕೆ ನಮ್ಮಲ್ಲಿಲ್ಲ.

ಕುರ್ಚಿಯ ಕೈಗಳನ್ನು ಬಿಟ್ಟೆ. ಎರಡೂ ಕೈ ಮಡಿಲಲ್ಲಿಟ್ಟುಕೊಂಡೆ. ತಲೆಯನ್ನು ಹಿಂದಕ್ಕೆ ಚೆಲ್ಲಿದೆ. ಈಗ ಕನ್ನಡಿ ಕಾಣಲಿಲ್ಲ, ಚಾವಣಿ ಕಂಡಿತು, ಫ್ಯಾನಿನ ಮೇಲೆ ಧೂಳಿತ್ತು. ತುಟಿ ಅಲ್ಲಾಡಿಸದೆ ಹೇಳಿದೆ: ನೋಡಪ್ಪ, ಈ ಕತ್ತು ನೀನು ಕೊಟ್ಟದ್ದು. ಆ ಕೈಯೂ ನೀನು ಕೊಟ್ಟದ್ದು, ಅದೂ ಎರಡೆರಡು ಸಲ. ನಡುವೆ ನಾನು ಕಾವಲು ಕಾಯುವುದು ಏನಿದೆ? ಹೆದರಿಕೆ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಇದ್ದ ಜಾಗದಲ್ಲೇ ಇದೆ. ಇರಲಿ.

ಕಣ್ಣು ಮುಚ್ಚಿದೆ. "ಭಾವ, ನಡೀಲಿ," ಎಂದೆ.

ಅವರ ಎಡಗೈ ನನ್ನ ಹಣೆಯ ಮೇಲೆ ಬಂತು, ಬೆಚ್ಚಗಿತ್ತು. ಕತ್ತಿ ಗಂಟಲ ಮೇಲೆ ಸರಸರ ಎಂದಿತು. ಅದಾದ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಅಂಗಡಿ ನಿಶ್ಶಬ್ದವಾಗಿತ್ತು. ಬಾಗಿಲಲ್ಲಿ ಮೊಬೈಲ್ ಅಂಗಡಿಯವನು ಕೈಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದ. ಅಕ್ಕ ಅವನ ಕಡೆ ನೋಡುತ್ತ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಕಾನೂನು ಅಂದರೆ ಕಾನೂನು.

ಕನ್ನಡಿಯಲ್ಲಿ ಯಾರೋ ಚಿಕ್ಕ ಗಲ್ಲದ ಮನುಷ್ಯ ಕೂತಿದ್ದ. ಇಂಥವನಿಂದ ನಾನಾಗಿದ್ದರೆ ಪಾಲಿಸಿ ತೆಗೆದುಕೊಳ್ಳುತ್ತಿರಲಿಲ್ಲ. ಅವನ ದವಡೆಯ ಕೆಳಗೆ ಒಂದು ಸಣ್ಣ ಗೀರಿತ್ತು, ಅದರ ಮೇಲೆ ರಕ್ತ ನಿಲ್ಲಲು ಪಟಿಕ ಉಜ್ಜಿದ ಬಿಳಿ ಕಲೆ. ನಾನು ಮುಟ್ಟಿ ನೋಡಿದೆ. ಉರಿಯಿತು.

"ಅಲ್ಲೊಂದು ಕಡೆ ತಾಗಿಬಿಡ್ತು," ಎಂದರು ಭಾವ. ಅವರ ದನಿ ಸಮವಾಗಿತ್ತು. "ರಕ್ತ ಬಂತು. ಮುಗೀತು ಅಂದ್ಕೊಂಡೆ. ನೋಡಿದ್ರೆ ನೀನು ಗೊರಕೆ ಹೊಡೀತಿದೀಯ. ಮಲಗಿದವರನ್ನ ಎಬ್ಬಿಸೋ ಹಾಗಿಲ್ಲ. ಪಟಿಕ ಹಚ್ಚಿದೆ. ಆಮೇಲೆ ಉಳಿದದ್ದು ತೆಗೆದೆ."

"ಕೈ ನಡುಗಲಿಲ್ವಾ?"

"ನಡುಗ್ತು. ಅದರ ಪಾಡಿಗೆ ಅದು ನಡುಗ್ತು, ನನ್ನ ಪಾಡಿಗೆ ನಾನು ತೆಗೆದೆ."

ಅಷ್ಟು ಹೇಳಿ ಅವರು ಟವೆಲಿನಿಂದ ನನ್ನ ಮುಖ ಒರೆಸಿದರು. ಆಮೇಲೆ ಬೆರಳು ಮಡಿಸಿ, ಈ ಸಲ ತಡೆಯದೆ, ನನ್ನ ಕೆನ್ನೆಗೆ ಟಕ್ಕೆಂದು ಹೊಡೆದರು.

"ಒಡೀಲಿಲ್ಲ," ಎಂದರು. ಎಂದವರೇ ಅದೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಗೋಡೆಯಾಚೆ ಬೀಗದಂಗಡಿಯವನು ಕೆಮ್ಮಿದ. ಅಕ್ಕ ಅಳಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಪೊರಕೆ ತಂದು ನನ್ನ ಗಡ್ಡವನ್ನು ಗುಡಿಸತೊಡಗಿದಳು. ಗುಡಿಸಲು ಬಹಳವಿತ್ತು. ಅವಳು ನಿಧಾನವಾಗಿ, ಮೂಲೆ ಮೂಲೆ ಬಿಡದೆ ಗುಡಿಸಿದಳು.

ನಾನು ಕುರ್ಚಿಯಿಂದ ಇಳಿದೆ. ಮೊಬೈಲ್ ಅಂಗಡಿಯವನು ಇನ್ನೂ ಬಾಗಿಲಲ್ಲೇ ಇದ್ದ. ಖಾಲಿ ಕುರ್ಚಿ ನೋಡಿದ, ಭಾವನನ್ನು ನೋಡಿದ, ನನ್ನ ದವಡೆಯ ಗೀರು ನೋಡಿದ. ತನಗೇ ಗೊತ್ತಿಲ್ಲದ ಹಾಗೆ ತನ್ನ ಕೆನ್ನೆ ಸವರಿಕೊಂಡ. ಮೂರ್ನಾಲ್ಕು ದಿನದ ಗಡ್ಡವಿತ್ತು.

ಅಕ್ಕ ಪೊರಕೆ ನಿಲ್ಲಿಸಿದಳು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದಳು.

"ಆಗ್ತಿದೆ," ಎಂದ ಅವನು.

"ಆಗ್ಲಿ," ಎಂದಳು ಅಕ್ಕ. "ಆ ಟೇಪು ಬೆಂಚಿನ ಮೇಲಿಟ್ಟು ಬಂದು ಕೂತ್ಕೊಳ್ಳಿ."